ಸೀಸೆಯಲ್ಲಿ ಬೆಳೆದ ಕಲ್ಲುಹೂವು

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ‘ಏನ್ ಕೆಲಸದಾಗಿದ್ರಿ ಯಜಮಾನ್ರೇ?’ ಎಂದು ಕೇಳಿದರೆ, ‘ಕಲ್ಲುಹೂವು ಬೆಳೆಸ್ತಿದ್ದೆ’ ಎನ್ನುತ್ತೇನೆ. ‘ಓಹೋ, ಮಸಾಲೆ ವ್ಯಾಪಾರ!’ ಎಂದು ಅವರ ಮುಖ ಅರಳುತ್ತದೆ. ಒಬ್ಬರಂತೂ ಮನೆಗೆ ಪಲಾವಿಗೆ ಒಂದಿಷ್ಟು ಕಳಿಸಿ ಎಂದು ವಿಳಾಸವನ್ನೇ ಬರೆದುಕೊಟ್ಟಿದ್ದರು. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ವಿಳಾಸ ಇಸಕೊಂಡು ಜೇಬಿಗೆ ಹಾಕಿಕೊಳ್ಳುತ್ತೇನೆ.

ನನ್ನ ತಮ್ಮನ ಮಗಳು ಹೋದ ವರ್ಷ ಒಂದು ಔಷಧಿ ಪ್ರಯೋಗಾಲಯಕ್ಕೆ ಸೇರಿದಳು. ‘ದೊಡ್ಡಪ್ಪ, ನಿಮ್ಮ ಕಾಲದಾಗೆ ಲ್ಯಾಬ್ ಅಂದ್ರೆ ಹೆಂಗಿತ್ತು? ಬರ್ದಿಡ್ರಿ, ಮರ್ತು ಹೋಗ್ತೀರಿ’ ಎಂದಳು. ಮರೆವು ಬಂದಿದೆ ಎಂದು ನನಗೇ ಮುಖಕ್ಕೆ ಹೇಳಿದ್ದು! ಆದರೂ ಹುಡುಗಿ ಒಳ್ಳೆಯವಳು, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಿಗೆ ಹೊಸದಾಗಿ ಸೇರುವ ಉಳಿದವರೂ ಓದಲಿ. ಬಡ್ತಿ, ಸನ್ಮಾನ, ಶಾಲು ಇವೆಲ್ಲ ಇಲ್ಲಿ ಸಿಗುವುದಿಲ್ಲ. ನನ್ನ ತಪ್ಪುಗಳು ಮಾತ್ರ ಧಾರಾಳವಾಗಿವೆ.

ಎಪ್ಪತ್ತರ ದಶಕದ ನಡುವೆ ಚನ್ನಗಿರಿಯಲ್ಲಿ ಎರಡು ಕೋಣೆಗಳ ಒಂದು ಸಂಶೋಧನಾ ಘಟಕ ಶುರುವಾಯಿತು. ಅದಕ್ಕೆ ಮೊದಲು ಅದು ಅಡಿಕೆ ತುಂಬುತ್ತಿದ್ದ ಗೋದಾಮು. ಎಷ್ಟು ಸುಣ್ಣ ಬಳಿದರೂ ಗೋಡೆಯಿಂದ ಅಡಿಕೆ ವಾಸನೆ ಹೋಗಲಿಲ್ಲ. ಘಟಕಕ್ಕೆ ಮುಖ್ಯಸ್ಥರಾಗಿ ಬಂದವರು ವಿಮಲಾ ಮೇಡಂ, ಮೈಸೂರಿನವರು, ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ತೆಳ್ಳಗೆ, ದಪ್ಪ ಕನ್ನಡಕ, ಮಾತು ಕಡಿಮೆ. ನಾನು ತಿಪ್ಪೇಸ್ವಾಮಿ, ಜಗಳೂರು ಕಡೆಯ ಕುರಿ ಸಾಕುವ ಮನೆಯವನು, ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು ಎರಡನೇ ಸಲ ಪಾಸಾದವನು. ಲ್ಯಾಬ್ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕಿ ಅವರ ಮುಂದೆ ಹೋಗಿ ನಿಂತೆ.

ಸಂದರ್ಶನದಲ್ಲಿ ಮೇಡಂ ನನ್ನ ಅಂಕಪಟ್ಟಿ ನೋಡಲಿಲ್ಲ. ಮೇಜಿನ ಮೇಲಿದ್ದ ಒಂದು ಕಲ್ಲಿನ ಚೂರನ್ನು ನನ್ನ ಕಡೆ ತಳ್ಳಿದರು. ಅದರ ಮೇಲೆ ಹಳದಿ ಹಸಿರು ಬಣ್ಣದ, ಎಲೆ ಎಲೆಯಾಗಿ ಅಂಟಿಕೊಂಡಿದ್ದ ಪದರವಿತ್ತು.

‘ಇದೇನು ಹೇಳಿ.’

‘ಬಂಡೆ ಕಜ್ಜಿ ಮೇಡಂ’ ಎಂದೆ. ‘ನಮ್ಮಜ್ಜಿ ಹಂಗೇ ಅಂತಿದ್ಳು. ಬಂಡೆಗೆ ಕಜ್ಜಿ ಬಂದೈತೆ, ಅದ್ರ ಮ್ಯಾಲೆ ಕುಂದ್ರಬ್ಯಾಡ, ನಿಂಗೂ ಬರ್ತೈತೆ ಅಂತ.’

ಮೇಡಂ ಕನ್ನಡಕ ತೆಗೆದು ನಗತೊಡಗಿದರು. ಕೆಲಸ ಹೋಯಿತು ಎಂದುಕೊಂಡೆ. ‘ಸೋಮವಾರದಿಂದ ಬನ್ನಿ’ ಎಂದರು. ದಿನಗೂಲಿ ಲೆಕ್ಕ, ಘಟಕ ಮುಂದುವರಿದರೆ ಕಾಯಂ ಮಾಡುತ್ತೇವೆ ಎಂದರು. ಈ ‘ಮುಂದುವರಿದರೆ’ ಎಂಬ ಮಾತು ಮುಂದೆ ಎಂಟು ವರ್ಷ ನನ್ನ ತಲೆಯ ಮೇಲೆ ತೂಗುತ್ತಿತ್ತು.

ಕಲ್ಲುಹೂವು ಎಂದರೆ ಹೂವೂ ಅಲ್ಲ, ಗಿಡವೂ ಅಲ್ಲ. ಅದು ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುತ್ತದೆ. ಜಗಳೂರಿನ ಬಂಡೆಗಳ ಮೇಲಿನ ಈ ಜಾತಿಯಲ್ಲಿ ಒಂದು ಹಳದಿ ಅಂಶವಿದೆ, ಕೀವು ಮಾಡುವ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ಇದು ತಿಳಿದವರಿಗೆ ಮೊದಲೇ ಗೊತ್ತಿತ್ತು. ಆದರೆ ಬಂಡೆಯ ಮೇಲೆ ಇದು ಅಂಗೈ ಅಗಲ ಆಗುವುದಕ್ಕೆ ಒಬ್ಬ ಮನುಷ್ಯ ಹುಟ್ಟಿ ಮುದುಕನಾಗಬೇಕು. ಮದ್ದಿಗೆಂದು ಕೆರೆಯಲು ಶುರುಮಾಡಿದರೆ ನಾಲ್ಕು ದಿನಕ್ಕೆ ಬಂಡೆ ಬೋಳು. ಆದ್ದರಿಂದ ಲ್ಯಾಬಿನಲ್ಲಿ ಸೀಸೆಯೊಳಗೆ ಬೆಳೆಸಿ, ಅದರಿಂದಲೇ ಆ ಅಂಶ ತೆಗೆಯಬಹುದೇ ಎಂಬುದು ಮೇಡಂ ಹಿಡಿದಿದ್ದ ಹಟ. ನಮ್ಮ ಕೆಲಸ ಅಷ್ಟೇ.

ಮೊದಲ ವರ್ಷಗಳು ಸುತ್ತಾಟದಲ್ಲೇ ಕಳೆದವು. ಹೊನ್ನಾಳಿ ಕಡೆ ಒಂದು ತೋಪಿನಲ್ಲಿ ಮಾವಿನ ಮರದ ತೊಗಟೆಗೆ ಹತ್ತಿದ್ದ ಕಲ್ಲುಹೂವನ್ನು ಮೇಡಂ ಭೂತಗನ್ನಡಿಯಲ್ಲಿ ನೋಡುತ್ತಿದ್ದರೆ, ನಾನು ಪಕ್ಕದಲ್ಲಿ ಉಳಿ, ಸುತ್ತಿಗೆ ಹಿಡಿದು ನಿಂತಿದ್ದೆ. ಊರವರು ಬಂದು ಸುತ್ತುವರಿದರು. ನಾವು ನಿಧಿ ಹುಡುಕುವವರೆಂದು ಗುಮಾನಿ. ‘ಮರದಾಗೆ ಯಾವನ್ರೀ ನಿಧಿ ಇಡ್ತಾನೆ?’ ಎಂದು ನಾನು ಜೋರು ಮಾಡಿದೆ. ಒಬ್ಬ ಹಿರಿಯರು ಶಾಂತವಾಗಿ, ‘ಬುಡದಾಗೆ ಇಡ್ತಾರಪ್ಪ, ಮರದ ಮ್ಯಾಲೆ ಗುರುತು ಮಾಡಿರ್ತಾರೆ’ ಎಂದರು. ಮೇಡಂ ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟರು. ಆಮೇಲೆ ಊರಿಗೆ ಊರೇ ಸಾಲು ನಿಂತು ತೊಗಟೆ ನೋಡಿತು, ನಮಗೆ ಮಜ್ಜಿಗೆ ಸಿಕ್ಕಿತು.

ನ್ಯಾಮತಿಯ ಸಂತೆಯಲ್ಲಿ ಮಸಾಲೆ ಮಾರುವವಳ ಮುಂದೆ ಕೂತು ಮೇಡಂ ಅವಳ ಕಲ್ಲುಹೂವಿನ ರಾಶಿಯಲ್ಲಿ ಏಳು ಜಾತಿ ಬೇರೆ ಬೇರೆ ಮಾಡಿ ಇಟ್ಟರು. ಆಯಮ್ಮ ಮೊದಲು ರೇಗಿದಳು. ಆಮೇಲೆ ಕುತೂಹಲದಿಂದ, ‘ಇದ್ರಾಗೆ ಸಾರಿಗೆ ಯಾವ್ದು ಚಲೋ, ಅದೊಂದು ಹೇಳವ್ವ’ ಎಂದಳು. ಮೇಡಂಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ಓದಿ ಇದೊಂದು ಗೊತ್ತಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು.

ಜಗಳೂರಿನಿಂದ ಬರುವಾಗ ಗೋಣಿಚೀಲದ ತುಂಬ ಕಲ್ಲು. ಕಂಡಕ್ಟರು ಚೀಲ ಎತ್ತಲು ಹೋಗಿ ‘ಏನ್ರೀ ಇದು, ಶೇಂಗಾನಾ?’ ಎಂದ. ‘ಕಲ್ಲು’ ಎಂದೆ. ‘ಯಾಕೆ, ಚನ್ನಗಿರಿಯಾಗೆ ಕಲ್ಲು ಸಿಗಲ್ವಾ?’ ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಮುಂದೆ ಆರು ವರ್ಷ ಆ ಬಸ್ಸಿನಲ್ಲಿ ನನ್ನ ಹೆಸರು ಕಲ್ಲಪ್ಪ.

ಈಗಿನವರಿಗೆ ಗಾಳಿ ಸೋಸುವ ಯಂತ್ರವಿದೆ, ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆಗಳಿವೆ. ನಮಗೆ ಇದ್ದದ್ದು ಬಡಗಿ ಮಾಡಿಕೊಟ್ಟ ಗಾಜಿನ ಪೆಟ್ಟಿಗೆ, ಅದರೊಳಗೊಂದು ಸ್ಪಿರಿಟ್ ದೀಪ. ಮೊದಲ ಎರಡು ವರ್ಷ ಎಲ್ಲವನ್ನೂ ಬೇಯಿಸಿ ಶುದ್ಧ ಮಾಡಿದ್ದು ಮನೆ ಬಳಕೆಯ ಕುಕ್ಕರಿನಲ್ಲಿ. ಗಾಜಿನ ತಟ್ಟೆಗಳನ್ನು ತೊಳೆದು ತೊಳೆದು ನನ್ನ ಬೆರಳ ಗೆರೆಗಳೇ ಸವೆದಿದ್ದವು. ಕಲ್ಲುಹೂವಿನ ಬೀಜಕಣಗಳನ್ನು ಅಗರ್ ಎಂಬ ಗಟ್ಟಿ ಗಂಜಿಯ ಮೇಲೆ ಬೀಳಿಸಿದರೆ ಶಿಲೀಂಧ್ರ ಮಾತ್ರ ಮೊಳೆಯುತ್ತದೆ. ಮೂರು ತಿಂಗಳಿಗೆ ಸಾಸಿವೆ ಕಾಳಿನಷ್ಟು. ಅಷ್ಟರಲ್ಲಿ ಅಡಿಕೆ ಗೋದಾಮಿನ ಧೂಳಿನಿಂದ ಒಂದು ಬೂಷ್ಟು ಹಾರಿ ಬಂದು ಕೂತರೆ ಮೂರು ದಿನಕ್ಕೆ ತಟ್ಟೆಯೆಲ್ಲ ಅದರದೇ.

ಒಂದು ಸಲ ನಾನು ಮೇಡಂ ಇಲ್ಲದಾಗ ಲ್ಯಾಬ್ ಚೊಕ್ಕ ಮಾಡಲು ಹೊರಟು, ‘ಏನೂ ಬೆಳೆದಿಲ್ಲ’ ಎಂದು ಹದಿನಾಲ್ಕು ತಟ್ಟೆ ತೊಳೆದಿಟ್ಟೆ. ಬೆಳೆದಿತ್ತು. ಬರಿಗಣ್ಣಿಗೆ ಕಂಡಿರಲಿಲ್ಲ ಅಷ್ಟೇ. ಐದು ತಿಂಗಳ ಕೆಲಸ ಮೋರಿಗೆ ಹೋಯಿತು. ಮೇಡಂ ಬೈಯಲಿಲ್ಲ. ತೊಳೆದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿ ‘ಚೆನ್ನಾಗಿ ತೊಳೆದಿದ್ದೀರಿ’ ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೆಳೆದ ಮುದ್ದೆಯಿಂದ ರಸ ತೆಗೆದು ಪರೀಕ್ಷಿಸುವುದು ಹೀಗೆ: ತೂತು ಹೊಡೆಯುವ ಪುಟ್ಟ ಕೈಯಂತ್ರದಲ್ಲಿ ಸೋಸುವ ಕಾಗದದಿಂದ ಕುಂಕುಮದ ಬೊಟ್ಟಿನಷ್ಟು ಅಗಲದ ಬಿಲ್ಲೆ ಕತ್ತರಿಸಬೇಕು. ಅದಕ್ಕೆ ರಸ ಕುಡಿಸಿ, ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯ ಮೇಲಿಡಬೇಕು. ಪಕ್ಕದಲ್ಲಿ ರಸವಿಲ್ಲದ ಬಿಲ್ಲೆಯೊಂದು, ಹೋಲಿಕೆಗೆ. ಮಾರನೆಯ ದಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮಂಜಿನ ಹಾಗೆ ಹಬ್ಬಿರುತ್ತದೆ. ರಸದಲ್ಲಿ ಮದ್ದಿದ್ದರೆ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದೆ ಸ್ವಚ್ಛ ಜಾಗ ಉಳಿಯುತ್ತದೆ. ಅದಕ್ಕೆ ನಮ್ಮಲ್ಲಿ ‘ಬಯಲು’ ಎನ್ನುತ್ತಿದ್ದೆವು. ಬಂಡೆಯಿಂದ ಕೆರೆದ ಕಲ್ಲುಹೂವಿನ ರಸಕ್ಕೆ ಒಳ್ಳೆಯ ಬಯಲು ಬರುತ್ತಿತ್ತು. ಸೀಸೆಯಲ್ಲಿ ಬೆಳೆದದ್ದಕ್ಕೆ ಏಳು ವರ್ಷ ಒಂದು ಸಲವೂ ಬರಲಿಲ್ಲ. ಸೀಸೆಯಲ್ಲಿ ಅದು ಮೈಕೈ ತುಂಬಿಕೊಂಡು ಬೆಳೆಯುತ್ತಿತ್ತು, ಹಳದಿ ಅಂಶ ಮಾತ್ರ ಮಾಡುತ್ತಿರಲಿಲ್ಲ.

ಎಂಟನೇ ವರ್ಷ ಮೇಲಿನಿಂದ ಪತ್ರ ಬಂತು. ಡಿಸೆಂಬರಿನಲ್ಲಿ ಸಮಿತಿ ಬಂದು ನೋಡುತ್ತದೆ, ಫಲ ಕಾಣದಿದ್ದರೆ ಘಟಕ ಮುಚ್ಚುತ್ತದೆ ಎಂದು. ಮುಚ್ಚಿದರೆ ಮೇಡಂ ಅವರ ಎಂಟು ವರ್ಷದ ಕೆಲಸ ನೀರುಪಾಲು, ನನ್ನ ದಿನಗೂಲಿಯೂ ಹೋದಂತೆ. ಆಗ ನನ್ನ ಹೆಂಡತಿ ಗಂಗಮ್ಮ ಎರಡನೆಯ ಸಲ ಬಸುರಿ.

ಆ ವರ್ಷದ ಆಯುಧಪೂಜೆಗೆ ಮೇಡಂ ಮೈಸೂರಿಗೆ ಹೋಗಿದ್ದರು. ‘ಪೂಜೆ ಮಾಡಿಕೊಳ್ಳಿ, ಗಾಜಿನ ಪೆಟ್ಟಿಗೆಯ ಹತ್ತಿರ ಊದುಬತ್ತಿ ಮಾತ್ರ ಬೇಡ’ ಎಂದು ಹೇಳಿ ಹೋಗಿದ್ದರು. ಅದನ್ನು ಅಕ್ಷರಶಃ ಪಾಲಿಸಿದೆ. ಸೂಕ್ಷ್ಮದರ್ಶಕ, ತಕ್ಕಡಿ, ಕುಕ್ಕರು, ಬಿಲ್ಲೆ ಕತ್ತರಿಸುವ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಬೂದುಗುಂಬಳ ಒಡೆದೆ. ನಮ್ಮಜ್ಜಿಯ ಶಾಸ್ತ್ರವೊಂದಿತ್ತು: ಆಯುಧಕ್ಕೆ ಅರಿಶಿನವನ್ನು ಹಿಡಿಗೆ ಹಚ್ಚಬಾರದು, ಬಾಯಿಗೇ ಹಚ್ಚಬೇಕು. ಕುಡುಗೋಲಿಗಾದರೆ ಅಲಗಿಗೆ, ಗರಗಸಕ್ಕಾದರೆ ಹಲ್ಲಿಗೆ. ಬಿಲ್ಲೆ ಯಂತ್ರದ ಬಾಯೊಳಗೆ ಬೆರಳು ಹಾಕಿ ಭಕ್ತಿಯಿಂದ ಬಳಿದೆ. ಈ ವರ್ಷವಾದರೂ ಕಣ್ತೆರೆಯಪ್ಪಾ ಎಂದು ಕೈಯೂ ಮುಗಿದೆ.

ಹಬ್ಬ ಮುಗಿದ ಮೇಲೆ ಯಂತ್ರದ ಮೈಯನ್ನೆಲ್ಲ ಒರೆಸಿ ಹೊಸ ಬಿಲ್ಲೆ ಕತ್ತರಿಸಿದೆ. ಒಂಚೂರು ಹಳದಿ ಇದ್ದವು, ಕಾಗದ ಹಳೆಯದು ಎಂದುಕೊಂಡೆ. ಮೇಡಂ ಮೈಸೂರಿನಿಂದ ಬಂದ ಮೇಲೆ ಅವಕ್ಕೆ ಸೀಸೆಯ ಕಲ್ಲುಹೂವಿನ ರಸ ಕುಡಿಸಿದೆವು. ಹೋಲಿಕೆಗೆ ಇಟ್ಟದ್ದು ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಬಿಲ್ಲೆಗಳು.

ಮಾರನೆಯ ದಿನ ಬಯಲು ಬಂದಿತ್ತು!

ಮೇಡಂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತವರು ಕೂರಲೇ ಇಲ್ಲ. ಎಂಟು ವರ್ಷದಲ್ಲಿ ಅವರು ಕಣ್ಣೊರೆಸಿಕೊಂಡದ್ದನ್ನು ನಾನು ಅವತ್ತೇ ಕಂಡದ್ದು. ಮಂಡಕ್ಕಿ ಮಿರ್ಚಿ ತರಿಸಿದರು. ಖಾರ ಎಂದರೆ ಮಾರು ದೂರ ಹೋಗುತ್ತಿದ್ದ ಮೈಸೂರಿನವರು ಎರಡು ಮಿರ್ಚಿ ತಿಂದು, ಬಿಕ್ಕಳಿಸುತ್ತಲೇ ಸಮಿತಿಗೆ ಪತ್ರ ಬರೆದರು. ಇನ್ನೂ ಎರಡು ಸಲ ಮಾಡಿ ನೋಡಿದೆವು, ಎರಡು ಸಲವೂ ಬಂತು. ಬರದೆ ಏನು, ರಸ ಕುಡಿಸಿದ್ದು ಹಬ್ಬದ ಮೇಲೆ ಕತ್ತರಿಸಿದ ಅವೇ ಬಿಲ್ಲೆಗಳಿಗೆ.

ಸಮಿತಿ ಬರುವುದಕ್ಕೆ ಒಂದು ವಾರ ಮುಂಚೆ ಬಿಲ್ಲೆ ಯಂತ್ರ ಬಿಗಿಯಾಯಿತೆಂದು ತಿರುಪು ಬಿಚ್ಚಿದೆ. ಒಳಗೆ ಅರಿಶಿನ ಒಣಗಿ ಹೆಪ್ಪುಗಟ್ಟಿ ಕೂತಿತ್ತು. ಯಾರಿಗೂ ಹೇಳದೆ, ರಸವೇ ಇಲ್ಲದ ಹೊಸ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಟ್ಟೆ. ಮಾರನೆಯ ದಿನ ಅದಕ್ಕೂ ಬಯಲು. ನಮ್ಮ ಬಯಲು ಹೀಗೆ ಬಯಲಿಗೆ ಬಂತು.

ಎರಡು ದಿನ ಬಾಯಿ ಹೊಲಿದುಕೊಂಡು ಓಡಾಡಿದೆ. ಸುಮ್ಮನಿದ್ದರೆ ಕೆಲಸ ಕಾಯಂ, ಹೇಳಿದರೆ ಮನೆಗೆ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಎರಡನೆಯ ದಿನ ಊಟದ ತಟ್ಟೆಯಲ್ಲಿ ರಾಗಿಮುದ್ದೆ ಹಾಗೇ ಬಿಟ್ಟಿದ್ದು ನೋಡಿ ಗಂಗಮ್ಮ ಬೆನ್ನು ಹತ್ತಿದಳು. ಹೇಳಿದೆ. ಅವಳು ಮೊದಲು ನಕ್ಕಳು.

‘ಅಲ್ರೀ, ಅರಿಶಿಣಕ್ಕೆ ಗಾಯ ಮಾಯ್ತೈತೆ ಅನ್ನೋದನ್ನ ಕಂಡುಹಿಡಿಯಾಕೆ ಎಂಟು ವರ್ಷ ಬೇಕಾತಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?’

ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಹೇಳಿದಳು: ‘ಮೇಡಂ ಆ ದೊಡ್ಡೋರ ಮುಂದೆ ನಿಂತು ಇದನ್ನೇ ಹೇಳ್ತಾರೆ. ಮುಂದೆ ಯಾವಾಗಾದ್ರೂ ಸುಳ್ಳು ಅಂತ ಗೊತ್ತಾದ್ರೆ ಬೈಸ್ಕೊಳ್ಳೋರು ಅವ್ರು, ನೀವಲ್ಲ. ಹೇಳ್ಬಿಡ್ರಿ. ಗಂಜಿನಾದ್ರೂ ಕುಡಿಯಾನ.’

ಬೆಳಿಗ್ಗೆ ಯಂತ್ರವನ್ನು ಬಿಚ್ಚಿದ ಹಾಗೇ ಒಯ್ದು ಮೇಡಂ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಆ ತಟ್ಟೆ. ‘ಇದ್ರಾಗೆ ರಸ ಇಲ್ಲ ಮೇಡಂ. ಬರೀ ನನ್ನ ಅರಿಶಿಣ’ ಎಂದೆ. ಆಯುಧದ ಬಾಯಿಯ ಶಾಸ್ತ್ರವನ್ನೂ ಹೇಳಿದೆ.

ಮೇಡಂ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದ್ದು ಒಂದೇ. ‘ಯಾವಾಗ ಗೊತ್ತಾಯ್ತು?’

‘ಎರಡು ದಿನ ಆತು ಮೇಡಂ.’

‘ಎರಡು ದಿನ ಒಬ್ಬರೇ ಇಟ್ಟುಕೊಂಡು ಒದ್ದಾಡಿದ್ರಾ?’ ಎಂದರು. ಆಮೇಲೆ ತಮ್ಮಷ್ಟಕ್ಕೇ, ‘ಹೊಸ ಬಿಲ್ಲೆಯನ್ನ ಹಳೇ ಬಿಲ್ಲೆಗೆ ಹೋಲಿಸಿದ್ದು ನಾನು. ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ರೂ ಕಿವಿ ಹಿಂಡ್ತಿದ್ದೆ’ ಎಂದರು. ಮಕ್ಕಳೇ, ಇದನ್ನು ಎರಡು ಸಲ ಓದಿ. ಕೈಕೆಳಗಿನವನ ತಪ್ಪಿನಲ್ಲಿ ತನ್ನ ಪಾಲನ್ನು ತಾನೇ ಮುಂದೆ ಬಂದು ಎತ್ತಿಕೊಳ್ಳುವ ಮೇಲಧಿಕಾರಿಯನ್ನು ನಾನು ಆಮೇಲೆ ಕಾಣಲಿಲ್ಲ.

ಸಮಿತಿಯವರು ಮೂವರು ಬಂದರು. ಮೇಡಂ ಎರಡು ತಟ್ಟೆ ಮುಂದಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ನನ್ನ ಹೆಸರೆತ್ತಲಿಲ್ಲ, ‘ನಮ್ಮ ಲ್ಯಾಬಿನ ತಪ್ಪು’ ಎಂದರು. ಒಬ್ಬರು ಜೋರಾಗಿ ನಕ್ಕರು. ಇನ್ನೊಬ್ಬರು, ‘ಎಂಟು ವರ್ಷಕ್ಕೆ ನಿಮ್ಮ ಲ್ಯಾಬ್ ಕೊಟ್ಟದ್ದು ಅಡುಗೆಮನೆ ಅರಿಶಿನ ಅನ್ನಿ’ ಎಂದರು. ನನಗೆ ರಕ್ತ ಕುದಿಯಿತು. ಮೇಡಂ ಮಾತ್ರ ‘ಹೌದು’ ಎಂದರು. ಜೂನಿಗೆ ಮುಚ್ಚಿ, ಸಾಮಾನು ಒಪ್ಪಿಸಿ ಎಂಬ ಆದೇಶ ಬಂತು.

ಉಳಿದದ್ದು ಆರು ತಿಂಗಳು. ಇನ್ನೊಬ್ಬರಾಗಿದ್ದರೆ ಕುರ್ಚಿಗೆ ಒರಗಿ ದಿನ ಎಣಿಸುತ್ತಿದ್ದರು. ಮೇಡಂ ನನ್ನನ್ನು ಜಗಳೂರಿಗೆ ಕಳಿಸಿದರು, ಹೋಲಿಕೆಗೆ ಬಂಡೆಯ ಮಾದರಿ ಬೇಕೆಂದು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಮಧ್ಯಾಹ್ನ ಬಂಡೆ ಹತ್ತಿದರೆ ಕಲ್ಲುಹೂವು ಹಪ್ಪಳದ ಹಾಗೆ ಒಣಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಕುಡಿಯಲು ತಂದಿದ್ದ ನೀರನ್ನು ಒಂಚೂರು ಚಿಮುಕಿಸಿದೆ. ನೋಡನೋಡುತ್ತಲೇ ಮೆತ್ತಗಾಗಿ, ಹಸಿರು ಬಂತು. ಚಿಕ್ಕಂದಿನಿಂದ ಕುರಿಗಳ ಹಿಂದೆ ಅದೇ ಬಂಡೆ ಹತ್ತಿದವನು ನಾನು, ಇದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಮರಳಿ ಬಂದು ಮೇಡಂಗೆ ಹೇಳಿದೆ: ‘ಬಂಡೆ ಮ್ಯಾಲೆ ಅದಕ್ಕೆ ದಿನಾ ಬಿಸಿಲು, ದಿನಾ ಬಾಯಾರಿಕೆ. ಇಲ್ಲಿ ನಾವು ಸಕ್ಕರೆ ನೀರು ಕೊಟ್ಟು, ಅಳಿಯನ್ನ ನೋಡ್ಕಂಡಂಗೆ ನೋಡ್ಕಂತಿದ್ದೀವಿ. ಅಳಿಯ ಯಾಕ್ರೀ ಮೈ ಬಗ್ಗಿಸ್ತಾನೆ?’

ಮೇಡಂ ನಗುತ್ತಾರೆಂದುಕೊಂಡಿದ್ದೆ. ಅವರು ಎದ್ದು ಹೋಗಿ ಸೀಸೆಗಳ ಮುಂದೆ ನಿಂತರು. ಅವತ್ತಿನಿಂದಲೇ ಅಳಿಯನ ಉಪಚಾರ ಬಂದ್ ಆಯಿತು. ನಾಲ್ಕು ವರ್ಷ ವಯಸ್ಸಿನ ಮುದ್ದೆಗಳನ್ನು ಅರ್ಧಕ್ಕೆ ಒಣಗಿಸಿ, ಮತ್ತೆ ತೇವ ಮಾಡಿ, ಮತ್ತೆ ಒಣಗಿಸಿದೆವು. ಕೆಲವು ಸತ್ತವು. ಒಂಬತ್ತನೇ ವಾರ ಎರಡು ಸೀಸೆಗಳಲ್ಲಿ ಮುದ್ದೆಯ ಅಂಚಿಗೆ ತೆಳ್ಳನೆಯ ಹಳದಿ ಕಂಡಿತು. ನಮಗಿಬ್ಬರಿಗೂ ಹಳದಿಯನ್ನು ಕಂಡರೆ ಹೆದರುವ ಹಾಗಾಗಿತ್ತು.

ಕೊನೆಗೇನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಘಟಕ ಜೂನಿನಲ್ಲಿ ಮುಚ್ಚಿತು. ನಮ್ಮ ಸೀಸೆಯಿಂದ ಯಾವ ಮುಲಾಮೂ ಅಂಗಡಿಗೆ ಬರಲಿಲ್ಲ. ಅಷ್ಟು ನಿಧಾನ ಬೆಳೆಯುವುದನ್ನು ಮದ್ದಾಗುವಷ್ಟು ಬೆಳೆಸುವ ಶಕ್ತಿ ನಮಗಿರಲಿಲ್ಲ. ಮೇಡಂ ಮೈಸೂರಿಗೆ ಪಾಠ ಮಾಡಲು ಹೋದರು, ನಾನು ಬೇರೊಂದು ಊರಿನ ಕಾಲೇಜು ಲ್ಯಾಬಿಗೆ ಸೇರಿ ಅಲ್ಲೇ ನಿವೃತ್ತನಾದೆ. ಆದರೆ ಮುಚ್ಚುವ ಹಿಂದಿನ ವಾರದ ಒಂದು ಬೆಳಿಗ್ಗೆ ಇದೆ.

ಹೊಸ ಬಿಲ್ಲೆ ಯಂತ್ರ ತಂದು, ಅದನ್ನು ಕುದಿಸಿ, ಎಲ್ಲ ಬಿಲ್ಲೆಗಳನ್ನೂ ಒಂದೇ ಕಾಗದದಿಂದ ಮೇಡಂ ಕಣ್ಣೆದುರಿಗೇ ಕತ್ತರಿಸಿದ್ದೆ. ಯಾವ ಬಿಲ್ಲೆಗೆ ರಸ, ಯಾವುದಕ್ಕಿಲ್ಲ ಎಂದು ಮೇಡಂ ಒಬ್ಬರೇ ಗುರುತು ಮಾಡಿ, ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದರು. ತಟ್ಟೆಗಳ ಮೇಲೆ ಒಂದರಿಂದ ಆರರವರೆಗೆ ಅಂಕಿ ಮಾತ್ರ. ಮಾರನೆಯ ದಿನ ತಟ್ಟೆಗಳನ್ನು ಹೊರತೆಗೆದು ಮೇಡಂ ದೂರ ಸರಿದು ಗೋಡೆಗೆ ಮುಖ ಮಾಡಿ ನಿಂತರು.

‘ನಾನು ನೋಡಲ್ಲ ತಿಪ್ಪೇಸ್ವಾಮಿ. ಬರಲಿ ಅಂತ ನನಗೆ ಬಹಳ ಆಸೆ ಇದೆ, ಇಲ್ಲದ್ದೂ ಕಂಡೀತು. ನೀವು ನೋಡಿ ಹೇಳಿ.’

ಆಸೆ ನನಗಿರಲಿಲ್ಲವೇ? ಒಂದನೆಯದನ್ನು ಕಿಟಕಿಗೆ ಹಿಡಿದೆ. ‘ಇಲ್ಲ ಮೇಡಂ.’ ಎರಡು. ‘ಇಲ್ಲ.’ ಮೂರನೆಯದರಲ್ಲಿ ಬಿಲ್ಲೆಯ ಸುತ್ತ ದಾರದೆಳೆಯಷ್ಟು ಸ್ವಚ್ಛ ಗೆರೆ ಇತ್ತು. ತಿರುಗಿಸಿ ತಿರುಗಿಸಿ ನೋಡಿದೆ. ‘ಮೂರಕ್ಕೆ ಬಂದೈತೆ. ಸಣ್ಣದು, ಆದ್ರೆ ಬಂದೈತೆ.’ ನಾಲ್ಕು, ‘ಇಲ್ಲ.’ ಐದು, ‘ಬಂದೈತೆ.’ ಆರು, ‘ಇಲ್ಲ ಮೇಡಂ.’

ಮೇಡಂ ಲಕೋಟೆ ಹರಿದರು. ಚೀಟಿ ಓದಿ ನನ್ನ ಕಡೆ ಚಾಚಿದರು. ಹಳದಿ ಮೂಡಿದ್ದ ಎರಡು ಸೀಸೆಗಳ ರಸ ಮೂರಕ್ಕೆ ಮತ್ತು ಐದಕ್ಕೆ.

ಅವರು ಈಗಲೂ ತಟ್ಟೆಯ ಕಡೆ ಬರಲಿಲ್ಲ. ದಾಖಲೆ ಪುಸ್ತಕ ತೆರೆದು, ಎಂಟು ವರ್ಷ ತಮ್ಮದೇ ಹೆಸರು ಬರೆಯುತ್ತಿದ್ದ ‘ನೋಡಿದವರು’ ಎಂಬಲ್ಲಿ ನನ್ನ ಹೆಸರು ಬರೆದು, ಸಹಿ ಹಾಕಿ ಎಂದು ಪೆನ್ನು ಕೊಟ್ಟರು. ನಾನು ಗಾಬರಿಬಿದ್ದೆ. ‘ನೀವೊಂದ್ಸಲ ನೋಡ್ರಿ ಮೇಡಂ, ಆಮ್ಯಾಲೆ ಬರೀರಿ. ನಾನು ಓದಿದೋನಲ್ಲ.’

‘ನೋಡ್ತೀನಿ, ಕಣ್ತುಂಬ ನೋಡ್ತೀನಿ’ ಎಂದರು ಮೇಡಂ. ‘ಆದ್ರೆ ಬರೆಯೋದು ಮೊದಲು. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಅರಿಶಿನದ ದಿನ ಬಂದಿಲ್ಲ ಅಂದವರು ನೀವು. ನೀವು ಬಂದೈತೆ ಅಂದ್ರೆ, ಬಂದೈತೆ.’